ಫ್ಲಶ್ ಟ್ಯಾಂಕಿಗೆ ಹಿತ್ತಾಳೆ ಬಾಲ್‌ಕಾಕೋ, ಸೈಲೆಂಟ್ ವಾಲ್ವೋ? ದಾವಣಗೆರೆ ನೀರಲ್ಲಿ ಎರಡನ್ನೂ ಹಾಕಿ ನೋಡಿದ್ದು

ಮೊದಲೇ ಹೇಳಿಬಿಡ್ತೀನಿ, ನನ್ನ ವೋಟು ಹಿತ್ತಾಳೆ ಬಾಲ್‌ಕಾಕಿಗೆ. ಉದ್ದ ಕಡ್ಡಿ, ತುದಿಗೊಂದು ಪ್ಲಾಸ್ಟಿಕ್ ಚೆಂಡು, ತುಂಬುವಾಗ ಪಕ್ಕದ ರೂಮಿಗೂ ಕೇಳೋ ಹಾಗೆ ಸೊರ್ರ್ ಅನ್ನುತ್ತಲ್ಲ, ಅದೇ. ಅದನ್ನು ತೆಗೆದು ಕಡ್ಡಿಯಿಲ್ಲದ, ಫ್ಲೋಟ್ ಮೈಗೇ ಅಂಟಿಕೊಂಡಿರುವ ಹೊಸ ನಮೂನೆ ವಾಲ್ವ್ ಹಾಕಿದ್ದೆ. "ಅಕ್ಕಾರೆ, ಇದನ್ನ ಹಾಕ್ರಿ, ಸೌಂಡೇ ಬರಲ್ಲ ನೋಡ್ರಿ" ಅಂದಿದ್ದರು ಮಂಡಿಪೇಟೆ ಅಂಗಡಿಯವರು. ಸೌಂಡಂತೂ ನಿಜಕ್ಕೂ ಬರಲಿಲ್ಲ. ಆದರೆ ಒಂದು ಮಳೆಗಾಲ ಮುಗಿಯೋದರೊಳಗೆ ಅದು ಅಟ್ಟ ಸೇರಿತು, ಬಾಲ್‌ಕಾಕ್ ತನ್ನ ಜಾಗಕ್ಕೆ ವಾಪಸ್ ಬಂತು.

ಯಾವುದನ್ನೇ ಕೊಳ್ಳುವ ಮೊದಲು ಸೋರಿಕೆ ಎಲ್ಲಿಯದು ಅಂತ ನೋಡಿಕೊಳ್ಳಿ. ಟ್ಯಾಂಕ್ ತುಂಬಿದ ಮೇಲೆ ಆಂಗಲ್ ಕಾಕ್ (ಟ್ಯಾಂಕಿಗೆ ನೀರು ಬಿಡುವ ಗೋಡೆಯ ಪುಟ್ಟ ನಲ್ಲಿ) ಬಂದ್ ಮಾಡಿ, ಒಳಗಡೆ ನೀರಿನ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೀಟೆಳೆದು ರಾತ್ರಿಯಿಡೀ ಬಿಡಿ. ಒಳಗೆ ನಿಂತಿರುವ, ಹೆಚ್ಚಾದ ನೀರನ್ನು ಕಮೋಡಿಗೆ ಇಳಿಸುವ ಕೊಳವೆಯೇ ಓವರ್‌ಫ್ಲೋ ಪೈಪು. ನೀರು ಗೀಟಿನಿಂದ ಇಳಿದು ಆ ಪೈಪಿನ ಬಾಯಿಗಿಂತ ಕೆಳಗೆ ಹೋಗಿದ್ದರೆ ತಳದ ಸೀಲ್, ಅಂದರೆ ಫ್ಲಶ್ ತೂತು ಮುಚ್ಚುವ ರಬ್ಬರ್, ಹಿಡಿಯುತ್ತಿಲ್ಲ. ಆ ಬಾಯಿಯ ಮಟ್ಟಕ್ಕೇ ನಿಂತಿದ್ದರೆ ನೀರು ತುಂಬಿಸುವ ವಾಲ್ವಿನದೇ ತಕರಾರು. ಸೀಲಿನದಾದರೆ ಈ ಹೋಲಿಕೆ ನಿಮಗೆ ಬೇಡ. ಅದನ್ನು ಬಿಚ್ಚಿ, ಮೇಲೆ ಕಟ್ಟಿದ ಸುಣ್ಣವನ್ನು ವಿನೆಗರಿನಲ್ಲೋ ನಿಂಬೆರಸದಲ್ಲೋ ನೆನೆಸಿ ಉಜ್ಜಿ, ಸವೆದಿದ್ದರೆ ಸೀಲೊಂದನ್ನೇ ಬದಲಾಯಿಸಿ.

ಇನ್ನು ನನ್ನನ್ನು ಸತಾಯಿಸಿದ ವಿಷಯ. ಸೈಲೆಂಟ್ ವಾಲ್ವಿನ ಟೋಪಿ ತಿರುಗಿಸಿ ತೆಗೆದರೆ ಒಂದು ತೆಳು ರಬ್ಬರ್ ಬಿಲ್ಲೆ ಸಿಗುತ್ತೆ. ಅದರಲ್ಲಿ ಸೂಜಿಮೊನೆಯಷ್ಟು ತೂತು. ಅದರ ಮೂಲಕ ನೀರು ಬಿಲ್ಲೆಯ ಹಿಂಬದಿಗೆ ಹೋಗುತ್ತೆ. ಫ್ಲೋಟ್ ಮೇಲೇರಿ ಹಿಂದಿನ ಕಿಂಡಿ ಮುಚ್ಚಿದಾಗ ಅಲ್ಲಿ ಸೇರಿದ ನೀರಿನ ಒತ್ತಡವೇ ಬಿಲ್ಲೆಯನ್ನು ಅದುಮಿ ವಾಲ್ವ್ ಮುಚ್ಚಬೇಕು. ಉಪಾಯವೇನೋ ಚೆನ್ನಾಗಿದೆ, ತಿಳಿನೀರು ಬರೋ ಊರಿಗೆ.

ನಮಗೆ ಬರೋದು ಭದ್ರಾ ನಾಲೆ ನೀರು. ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ ತುಂಬಿಸಿಕೊಂಡು, ಶುದ್ಧ ಮಾಡಿಯೇ ಬಿಡ್ತಾರೆ, ಇಲ್ಲ ಅನ್ನಲ್ಲ. ಆದರೆ ನಲ್ಲಿಯಲ್ಲಿ ದಿನಾ ನೀರಿರಲ್ಲ. ಒಣಗಿದ ಪೈಪಿನಲ್ಲಿ ಮೊದಲು ನುಗ್ಗುವ ನೀರು ದಾರಿಯ ಕೊಳೆಯನ್ನೆಲ್ಲ ಎಳೆದುಕೊಂಡು ಸಂಪಿಗೆ ಬೀಳುತ್ತೆ, ಅಲ್ಲಿಂದ ಮೋಟರ್ ಅದನ್ನು ಸಿಂಟೆಕ್ಸಿಗೆ ಏರಿಸುತ್ತೆ. ನೀರು ಬಾರದ ದಿನ ಬೋರು. ಅದರ ಸುಣ್ಣ ಬಕೆಟ್ಟಿಗೆ ಹೇಗೆ ಕಟ್ಟುತ್ತೆ ಅಂತ ಈ ಊರಿನ ಹೆಂಗಸರಿಗೆ ನಾನು ಹೇಳಬೇಕೇ? ಮಣ್ಣು, ಸುಣ್ಣ ಎರಡೂ ಸೇರಿ ಆ ಸೂಜಿ ತೂತು ಕಟ್ಟಿಕೊಂಡರೆ ಬಿಲ್ಲೆಯ ಹಿಂದೆ ಒತ್ತಡವೇ ಹುಟ್ಟಲ್ಲ, ವಾಲ್ವ್ ಮುಚ್ಚಲ್ಲ. ನೀರು ಓವರ್‌ಫ್ಲೋ ಪೈಪಿನಲ್ಲಿ ಇಳಿದು ಕಮೋಡಿಗೆ ಹೋಗ್ತಾನೇ ಇರುತ್ತೆ, ಚೂರೂ ಸದ್ದಿಲ್ಲದೆ. 5 ನಿಮಿಷಕ್ಕೆ 1 ಲೀಟರ್ ಅಂತ ಹಿಡಿದರೂ ದಿನಕ್ಕೆ 288 ಲೀಟರ್. ನಮ್ಮ ಸಿಂಟೆಕ್ಸ್ 500 ಲೀಟರಿನದು. ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿಕೊಂಡು ನಲ್ಲಿ ತಿರುಗಿಸಿದಾಗಲೇ ಗೊತ್ತಾಗೋದು.

ತೂತು ಬಿಡಿಸೋಣ ಅಂತ ಪಿನ್ನು ಚುಚ್ಚೋ ಹಾಗೂ ಇಲ್ಲ, ದೊಡ್ಡದಾದರೆ ಬಿಲ್ಲೆ ಕೆಟ್ಟಿತು. ವಿನೆಗರಿನಲ್ಲಿ ನೆನೆಸಿ, ಹರಿಯುವ ನೀರಲ್ಲಿ ಹಿಡಿದು ತೊಳೀಬೇಕು. ಇಷ್ಟು ಸಾಲದು ಅಂತ ನೀರು ಒಳಬರುವ ಬಾಯಿಗೊಂದು ಜಾಲರಿ ಬೇರೆ. ಅದು ಕಟ್ಟಿದರೆ ಟ್ಯಾಂಕ್ ತುಂಬೋದಕ್ಕೆ ಯುಗ ಹಿಡಿಯುತ್ತೆ. ಅದನ್ನು ತೆಗೆಯೋಕೆ ಕನೆಕ್ಷನ್ ಪೈಪ್ ಬಿಚ್ಚಬೇಕು. ಗೋಡೆಗೂ ಕಮೋಡಿಗೂ ನಡುವಿನ ಸಂದಿಯಲ್ಲಿ ನನ್ನ ಕೈ ತೂರುತ್ತೆ, ಪಾನಾ ತಿರುಗಲ್ಲ.

ಒತ್ತಡದ ಮಾತೂ ಇದೆ. 10 ಮೀಟರ್ ಎತ್ತರದಲ್ಲಿ ನೀರಿದ್ದರೆ ಸುಮಾರು 1 ಬಾರ್ ಒತ್ತಡ. ನಮ್ಮ ಸಿಂಟೆಕ್ಸ್ ಬಚ್ಚಲಿನ ತಾರಸಿ ಮೇಲೇ ಕೂತಿರೋದು, 3 ಮೀಟರ್ ಅಂದರೆ 0.3 ಬಾರ್. ನೀರಿನ ಒತ್ತಡವನ್ನೇ ನಂಬಿಕೊಂಡ ಬಿಲ್ಲೆಗೆ ಅಷ್ಟು ಸಾಲದೇ ಹೋಗಬಹುದು.

ಬಾಲ್‌ಕಾಕಿಗೆ ಈ ಗೋಳಿಲ್ಲ. ಚೆಂಡು ತೇಲುತ್ತೆ, ಉದ್ದ ಕಡ್ಡಿ ಆ ಬಲವನ್ನು ಹೆಚ್ಚಿಸಿ ವಾಷರನ್ನು ಒತ್ತುತ್ತೆ. ಒತ್ತಡ ಕಮ್ಮಿಯಿದ್ದಷ್ಟೂ ಮುಚ್ಚೋದು ಸಲೀಸು. ತೂತು ದೊಡ್ಡದು, ಸಣ್ಣ ಮಣ್ಣು ಹಾಗೇ ಹರಿದುಹೋಗುತ್ತೆ. ಕೆಟ್ಟರೆ ಕೆಡೋದು ವಾಷರ್. ಯಾವ ಓಣಿಯ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತೆ, ಭಾನುವಾರ ಅಂಗಡಿ ಮುಚ್ಚಿದ್ದರೆ ಹಳೇ ಹವಾಯಿ ಚಪ್ಪಲಿಯ ರಬ್ಬರ್ ಕತ್ತರಿಸಿ ತುರ್ತಿಗೆ ಹಾಕಬಹುದು. ಚೆಂಡಿನೊಳಗೆ ನೀರು ಹೊಕ್ಕಿದ್ದರೆ ಚೆಂಡೊಂದೇ ಸಾಕು. ನೀರಿನ ಮಟ್ಟ ಇಳಿಸಬೇಕಾದರೆ ಕಡ್ಡಿಯನ್ನು ಕೆಳಕ್ಕೆ ಒಂಚೂರು ಬಗ್ಗಿಸಿ, ಆಗ ಇನ್ನೊಂದು ಕೈಯಲ್ಲಿ ವಾಲ್ವನ್ನು ಭದ್ರವಾಗಿ ಹಿಡಿದಿರಿ. ವಾಲ್ವನ್ನು ಟ್ಯಾಂಕಿಗೆ ಬಿಗಿಯುವ ಚೆಕ್ ನಟ್ ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಪಾನಾದಲ್ಲಿ ಅರ್ಧ ಸುತ್ತಿಗಿಂತ ಹೆಚ್ಚು ಬೇಡ. ಪಿಂಗಾಣಿ ಟ್ಯಾಂಕು ಬಿರುಕು ಬಿಟ್ಟರೆ ಹೊಸ ಟ್ಯಾಂಕೇ ಗತಿ.

ಸದ್ದು? ಇದೆ. ಅತ್ತೆಯವರ ರೂಮು ಗೋಡೆಯಾಚೆ, ರಾತ್ರಿ ಎರಡು ಗಂಟೆಗೆ ಯಾರು ಎದ್ದಿದ್ದರು ಅಂತ ಬೆಳಿಗ್ಗೆ ಕಾಫಿ ಹೊತ್ತಿಗೆ ವಿಚಾರಣೆ ನಡೆಯುತ್ತೆ. ನನಗದು ಅಡ್ಡಿಯಿಲ್ಲ, ಸದ್ದು ನಿಲ್ಲದಿದ್ದರೆ ನೀರು ಪೋಲಾಗ್ತಿದೆ ಅಂತ ತಕ್ಷಣ ತಿಳಿಯುತ್ತಲ್ಲ.

ರೇಟು: ನಾನು ಕೊಂಡಾಗ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಪೂರ್ತಿ ಪ್ಲಾಸ್ಟಿಕ್ ಬಾಲ್‌ಕಾಕ್ ಅಗ್ಗ, ಆದರೆ ಅದರ ಮರೆ (ತಿರುಪಿನ ಥ್ರೆಡ್) ಬೇಗ ಸವೆಯುತ್ತೆ.

ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮಹಡಿಯಲ್ಲಿದ್ದು, ಮೇಲೆ ಫಿಲ್ಟರ್ ಕೂರಿಸಿದ್ದರೆ ಸೈಲೆಂಟ್ ವಾಲ್ವೇ ಹಾಕಿ. ಈಗಿನ ಸಪೂರ ಟ್ಯಾಂಕಿದ್ದರೂ ಅಷ್ಟೇ, ಅದರಲ್ಲಿ ಕಡ್ಡಿ ಆಡೋಕೆ ಜಾಗವೇ ಇರಲ್ಲ. ನನ್ನಂತೆ ಅಗಲ ಟ್ಯಾಂಕು, ಬೋರಿನ ನೀರು, ಪ್ಲಂಬರಿಗೆ ಕಾಯುವ ತಾಳ್ಮೆಯಿಲ್ಲದವರಿಗೆ ಬಾಲ್‌ಕಾಕ್. ಕೊಳ್ಳುವಾಗ ಒಂದು ಆಯಸ್ಕಾಂತ ಒಯ್ಯಿರಿ. ಹಿತ್ತಾಳೆ ಅಂತ ಕೊಟ್ಟ ಕಡ್ಡಿಗೆ ಅದು ಅಂಟಿದರೆ ಒಳಗಿರೋದು ಕಬ್ಬಿಣ. ಬೇರೆ ತೋರಿಸಿ ಅನ್ನಿ.