ನಮ್ಮದೇ ರಕ್ತದ ಸೀರಮ್ ಕಣ್ಣಿನ ಹನಿ: ಎರಡು ಬೇಸಿಗೆ ಬಳಸಿದ ಮೇಲೆ

ಲೇಸಿಕ್ (ಕನ್ನಡಕದ ನಂಬರ್ ತೆಗೆಯುವ ಲೇಸರ್ ಶಸ್ತ್ರಚಿಕಿತ್ಸೆ) ಆದಮೇಲೆ ಹಟ ಹಿಡಿದು ಕೂತ ಒಣಗಣ್ಣಿಗೆ ನಮ್ಮದೇ ರಕ್ತದ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದಿಂದ ಮಾಡಿದ ಈ ಹನಿ ನಿಜಕ್ಕೂ ಒಳ್ಳೆಯ ಔಷಧ. ಆದರೆ ಲ್ಯಾಬ್‌ನಲ್ಲಿ ಚೆನ್ನಾಗಿ ತಯಾರಾದದ್ದು ಮನೆಯ ಫ್ರಿಜ್‌ನಲ್ಲಿ ಕೆಡಬಹುದು. ಹುಬ್ಬಳ್ಳಿ ಕಡೆಯ ಏಪ್ರಿಲ್ ಬಿಸಿಲು ಮತ್ತು ಕರೆಂಟ್ ಲೆಕ್ಕಕ್ಕೆ ಹಿಡಿದೇ ಇದನ್ನು ಶುರು ಮಾಡಬೇಕು.

ಲೇಸಿಕ್‌ನಲ್ಲಿ ಕಾರ್ನಿಯಾದ (ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆ) ಮೇಲ್ಪದರವನ್ನು ಮುಚ್ಚಳದಂತೆ ಎತ್ತುವಾಗ ಅಲ್ಲಿನ ಸಣ್ಣ ನರಗಳು ತುಂಡಾಗುತ್ತವೆ. ಕಣ್ಣು ಒಣಗಿದ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟುವುದಿಲ್ಲ, ರೆಪ್ಪೆ ಬಡಿಯುವುದೂ ಕಣ್ಣೀರೂ ಕಡಿಮೆಯಾಗುತ್ತವೆ. ಅಂಗಡಿಯ ಕೃತಕ ಕಣ್ಣೀರು ಬರೀ ತೇವ ಕೊಡುತ್ತದೆ. ಸೀರಮ್‌ನಲ್ಲಿ ವಿಟಮಿನ್ ಎ, ಫೈಬ್ರೊನೆಕ್ಟಿನ್ ಎಂಬ ಪ್ರೋಟೀನ್, ಜೀವಕೋಶ ಬೆಳೆಸುವ ಅಂಶಗಳು ಇರುವುದರಿಂದ ಕಾರ್ನಿಯಾದ ಮೇಲ್ಮೈಗೆ ಪೋಷಣೆಯೂ ಸಿಗುತ್ತದೆ.

ತಯಾರಿ ಹೀಗೆ: ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಆದಮೇಲೆ ಸುಮಾರು 40 ಮಿ.ಲೀ. ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ ಇಲ್ಲದ ಟ್ಯೂಬಿಗೆ ತೆಗೆಯುತ್ತಾರೆ. ಎರಡು ತಾಸು ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಮೇಲೆ ನಿಂತ ತಿಳಿ ಹಳದಿ ಸೀರಮ್ ಬೇರ್ಪಡಿಸುತ್ತಾರೆ. ಶೇ. 20ರ ಹನಿಗೆ 2 ಮಿ.ಲೀ. ಸೀರಮ್, 8 ಮಿ.ಲೀ. ಸಲೈನ್. 15 ಮಿ.ಲೀ. ಸೀರಮ್ ಸಿಕ್ಕರೆ 5 ಮಿ.ಲೀ.ಯ 15 ಬಾಟಲಿ. ವಾರಕ್ಕೊಂದರಂತೆ ಮೂರು ತಿಂಗಳಿಗೆ ಸಾಕು. ಎಲ್ಲವೂ ಸೋಂಕುರಹಿತ ಕೋಣೆಯ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ. ಪಿಆರ್‌ಪಿ (ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾ) ಹನಿ ಬೇರೆ: ಅದರಲ್ಲಿ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಪ್ಲೇಟ್‌ಲೆಟ್‌ಗಳನ್ನು ಉಳಿಸಿಕೊಳ್ಳುತ್ತಾರೆ.

ಬಾಟಲಿ ಕೈಗೆ ಬಂದಾಗ ಬೆಳಕಿಗೆ ಹಿಡಿದು ನೋಡಿ. ಕೆಂಪು ಛಾಯೆ ಇದ್ದರೆ ರಕ್ತಕಣ ಒಡೆದಿವೆ. ಹಾಲಿನಂತೆ ಮಬ್ಬಾಗಿದ್ದರೆ ಕೊಬ್ಬು ಬೆರೆತಿದೆ. ರಕ್ತ ಕೊಡುವ ಮೊದಲು ಗಿರ್ಮಿಟ್, ಮಿರ್ಚಿ ಭಜಿ ಬೇಡ ಅನ್ನುವುದು ಇದಕ್ಕೇ. ದಾರದಂಥ ಎಳೆ ಕಂಡರೆ ಹೆಪ್ಪು ಪೂರ್ತಿ ಆಗುವ ಮೊದಲೇ ತಿರುಗಿಸಿದ್ದಾರೆ, ಆ ಎಳೆ ಬಾಟಲಿಯ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಇವುಗಳಲ್ಲಿ ಯಾವುದು ಕಂಡರೂ ಬಳಸದೆ, ತಯಾರಿಸಿದವರಿಗೇ ತೋರಿಸಿ.

ಇನ್ನು ಫ್ರಿಜ್. ಬಳಸದ ಬಾಟಲಿಗಳು ಮೈನಸ್ 20 ಡಿಗ್ರಿಯಲ್ಲಿ, ಬಳಸುತ್ತಿರುವ ಒಂದು ಮಾತ್ರ ಕೆಳಗಿನ ಖಾನೆಯಲ್ಲಿ. ಬಾಗಿಲ ಕಪಾಟು ಬೇಡ, ತೆಗೆದು ಹಾಕಿದಾಗಲೆಲ್ಲ ಅಲ್ಲಿ ಬಿಸಿಗಾಳಿ ತಾಗುತ್ತದೆ. ಫ್ರಾಸ್ಟ್-ಫ್ರೀ ಫ್ರೀಜರ್ ಮಂಜು ಕರಗಿಸಲು ಆಗಾಗ ತಾನೇ ಬಿಸಿಯಾಗುತ್ತದೆ. ಅದಕ್ಕೆ ಬಾಟಲಿಗಳನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಸುತ್ತ ಐಸ್ ಪ್ಯಾಕ್ ತುಂಬಿ. ಪಕ್ಕದಲ್ಲಿ ಒಂದು ಬಟ್ಟಲು ನೀರನ್ನು ಗಡ್ಡೆ ಕಟ್ಟಿಸಿ ಮೇಲೊಂದು ನಾಣ್ಯ ಇಡಿ. ಊರಿಗೆ ಹೋಗಿ ಬಂದಾಗ ನಾಣ್ಯ ಮುಳುಗಿದ್ದರೆ ಫ್ರೀಜರ್ ಕರಗಿ ಮತ್ತೆ ಗಟ್ಟಿಯಾಗಿದೆ ಎಂದೇ ಲೆಕ್ಕ, ಆ ಬಾಟಲಿಗಳನ್ನು ನಂಬಬೇಡಿ. ಕರೆಂಟ್ ಹೋದಾಗ ಬಾಗಿಲು ತೆಗೆಯಲೇಬಾರದು.

ಗದಗ, ಹಾವೇರಿಯಿಂದ ಹುಬ್ಬಳ್ಳಿಗೆ ಬಂದು ಒಯ್ಯುವವರು ಥರ್ಮೊಕೋಲ್ ಡಬ್ಬಿ, ಐಸ್ ಪ್ಯಾಕ್ ತರಬೇಕು. ದಾರಿಯಲ್ಲಿ ಕರಗಿದ್ದನ್ನು ಮತ್ತೆ ಗಡ್ಡೆ ಕಟ್ಟಿಸದೆ ಅದೇ ವಾರ ಬಳಸಿ. ಹೊಸ ಬಾಟಲಿಯನ್ನು ರಾತ್ರಿ ಕೆಳಗಿನ ಖಾನೆಗಿಟ್ಟರೆ ಮುಂಜಾನೆ ಸಿದ್ಧ. ಬಿಸಿನೀರಲ್ಲಿ ಅದ್ದಿದರೆ ಪ್ರೋಟೀನ್ ಕೆಡುತ್ತದೆ. ಬೆಳಕಿಗೆ ವಿಟಮಿನ್ ಎ ನಾಶವಾಗುವುದರಿಂದ ಬಾಟಲಿಗೆ ಫಾಯಿಲ್ ಸುತ್ತಿಡಿ.

ಇದರಲ್ಲಿ ಸಂರಕ್ಷಕ ಇಲ್ಲ, ಪ್ರೋಟೀನ್ ಹೇರಳ. ಬ್ಯಾಕ್ಟೀರಿಯಾಕ್ಕೆ ಇದು ಸಿದ್ಧ ಊಟ. ತುದಿ ರೆಪ್ಪೆಗೆ ತಾಗಬಾರದು, ಏಳು ದಿನಕ್ಕೆ ಎಸೆಯಬೇಕು. ವೈದ್ಯರು ಕಡಿಮೆ ದಿನ ಹೇಳಿದ್ದರೆ ಅಷ್ಟೇ. ದಿನಕ್ಕೆ 4–8 ಸಲ ಒಂದೊಂದೇ ಹನಿ, ಬೇರೆ ಹನಿಗೂ ಇದಕ್ಕೂ 10–15 ನಿಮಿಷ ಅಂತರ. ಮನೆಯವರಿಗೂ ಹಂಚಬಾರದು.

ಫಲ ಕಾಣಲು 4–8 ವಾರ ಬೇಕು. ಮೊದಲು ಮುಂಜಾನೆಯ ಚುಚ್ಚು ಇಳಿಯುತ್ತದೆ, ಸ್ಕ್ರೀನ್ ಮುಂದಿನ ಮಬ್ಬು ಆಮೇಲೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಘಾಟು, ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನ ಎಸಿ ಗಾಳಿ ಇವುಗಳಿಗೆ ಹನಿ ಉತ್ತರವಲ್ಲ. ಪಕ್ಕ ಮುಚ್ಚಿದ ಕನ್ನಡಕ ಬೇಕು. ರೆಪ್ಪೆಯ ಎಣ್ಣೆಗ್ರಂಥಿ ಕಟ್ಟಿಕೊಂಡಿದ್ದರೆ ಮೊದಲು ಅದರ ಚಿಕಿತ್ಸೆ, ಇಲ್ಲದಿದ್ದರೆ ಹಾಕಿದ ಹನಿ ಬೇಗ ಆರಿಹೋಗುತ್ತದೆ. ಮರಗಟ್ಟಿಸುವ ಹನಿ ಹಾಕಿದರೂ ನೋವು ಹಾಗೆಯೇ ಉಳಿದರೆ ಅದು ಬಹುಶಃ ನರದ ನೋವು, ಬರೀ ಸೀರಮ್ ಸಾಲದು.

ಕಣ್ಣು ಕೆಂಪಾಗಿ ಕೀವು ಬಂದರೆ, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಹನಿ ನಿಲ್ಲಿಸಿ ಅಂದೇ ವೈದ್ಯರ ಹತ್ತಿರ ಹೋಗಿ. ಆ ಬಾಟಲಿಯನ್ನೂ ಒಯ್ಯಿರಿ, ಅದರಲ್ಲಿ ಏನು ಬೆಳೆದಿದೆ ಎಂದು ಲ್ಯಾಬ್‌ನಲ್ಲಿ ನೋಡಬೇಕಾಗುತ್ತದೆ.