ಮಾಡೆಲ್ ವಿಮಾನಕ್ಕೆ ಯಾವ ಪ್ರಾಪ್ (ಪ್ರೊಪೆಲ್ಲರ್)? ಮರ, ನೈಲಾನ್, ಕಾರ್ಬನ್ ಎಲ್ಲವನ್ನೂ ವರ್ಷಗಟ್ಟಲೆ ಓಡಿಸಿದ ಮೇಲೆ

ನನ್ನ ಹತ್ತಿರ ಇರುವುದು 46 ಸೈಜಿನ (0.46 ಘನ ಇಂಚು) ಗ್ಲೋ ಎಂಜಿನ್, ಅಂದರೆ ಕಾದ ಪ್ಲಗ್ಗಿನಿಂದ ಮೆಥನಾಲ್ ಉರಿಸುವ ಎಂಜಿನ್ ಇರುವ ಟ್ರೇನರ್ (ಕಲಿಕೆಯ ವಿಮಾನ), ಒಂದು 55 ಸಿಸಿ ಪೆಟ್ರೋಲ್ ವಿಮಾನ, ಸಂಜೆ ಹೊತ್ತಿಗೆ ಎರಡು ಫೋಮ್ ಎಲೆಕ್ಟ್ರಿಕ್. ಹಾರಿಸುವುದು ಬೆಂಗಳೂರಿನ ಹೊರಗಿನ ಒಣ ಕೆರೆ ಅಂಗಳದಲ್ಲಿ. ಗರಸು ನೆಲ, ಅಲ್ಲಲ್ಲಿ ಹುಲ್ಲಿನ ಗೆಡ್ಡೆ. ಡಾಂಬರು ರನ್‌ವೇ ಸಿಕ್ಕವರ ಲೆಕ್ಕ ಬೇರೆ, ಅದಕ್ಕೇ ಮೊದಲೇ ಹೇಳಿದೆ.

ಟ್ರೇನರ್‌ಗೆ ಎಪಿಸಿ ಕಂಪನಿಯ 11×6 (ವ್ಯಾಸ 11 ಇಂಚು; 6 ಇಂಚು ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ), ಗಾಜಿನ ನಾರು ಬೆರೆಸಿದ ನೈಲಾನ್. ಇದನ್ನು ಬಿಟ್ಟು ಬೇರೆಯದಕ್ಕೆ ಹೋಗುವ ಯೋಚನೆಯಿಲ್ಲ. ಫುಲ್ ಥ್ರಾಟಲ್‌ನಲ್ಲೂ ಬ್ಲೇಡ್ ತಿರುಚಿಕೊಳ್ಳುವುದಿಲ್ಲ. ನಾರಿಲ್ಲದ ಹಳೆ ಬಗೆಯ ನೈಲಾನ್ ಪ್ರಾಪ್ ಮೆತ್ತಗೆ, ವೇಗ ಏರಿದಂತೆ ಬಾಗುತ್ತದೆ. ಅದು ಒಣಗಿದರೆ ಪೆಡಸಾಗುತ್ತದೆ ಬೇರೆ. ಹಳಬರು ಅದನ್ನು ನೀರಲ್ಲಿ ಕುದಿಸಿ ಬಳಸುತ್ತಿದ್ದುದು ಸುಮ್ಮನೆ ಅಲ್ಲ, ತೇವ ಹೀರಿದ ನೈಲಾನ್ ಪೆಟ್ಟು ತಡೆಯುತ್ತದೆ.

ಹೊಸ ಎಪಿಸಿ ಕೈಗೆ ಬಂದ ಕೂಡಲೇ ಅಂಚಿನ ಮೇಲೆ ಹೆಬ್ಬೆರಳು ಎಳೆಯಬೇಡಿ, ಕುಯ್ಯುತ್ತದೆ. ಅಚ್ಚಿನಿಂದ ಬಂದ ತೆಳು ಏಣು ಇರುತ್ತದೆ, ಅದನ್ನು 400 ನಂಬರಿನ ಮರಳು ಕಾಗದದಲ್ಲಿ ಸವರಿ ತೆಗೆಯಬೇಕು. ಆಮೇಲೆ ಎರಡೂ ಬ್ಲೇಡಿನ ತೂಕ ಸಮ ಇದೆಯೇ ಎಂದು ತೋರಿಸುವ ಬ್ಯಾಲೆನ್ಸರ್ ಮೇಲೆ ಇಡಿ. ಯಾವ ಬ್ಲೇಡ್ ಕೆಳಗೆ ಇಳಿಯುತ್ತದೋ ಅದರ ಹಿಂಬದಿಯನ್ನು ತುದಿಯ ಕಡೆ ತುಸುವೇ ಉಜ್ಜಿ, ಮತ್ತೆ ಇಟ್ಟು ನೋಡಿ. ನಡುವಿನ ದಪ್ಪ ಭಾಗದ (ಹಬ್) ತಂಟೆಗೆ ಹೋಗಬೇಡಿ. ಬ್ಲೇಡಿನ ಬುಡದಲ್ಲಿ ಬಿಳಿ ಗೆರೆ ಕಂಡರೆ ಪ್ರಾಪ್ ಕಸದ ಬುಟ್ಟಿಗೆ, ಚೌಕಾಸಿಯೇ ಇಲ್ಲ. 11 ಇಂಚಿನ ಪ್ರಾಪ್ 12,000 ಆರ್‌ಪಿಎಂನಲ್ಲಿ ತಿರುಗುವಾಗ ತುದಿಯ ವೇಗ ಗಂಟೆಗೆ ಸುಮಾರು 630 ಕಿ.ಮೀ.

ಎಲೆಕ್ಟ್ರಿಕ್‌ನವರು ಒಂದು ವಿಷಯ ನೋಡಿಕೊಳ್ಳಬೇಕು. ಸ್ಲೋ ಫ್ಲೈಯರ್ (ನಿಧಾನ ಹಾರುವ ಹಗುರ ಎಲೆಕ್ಟ್ರಿಕ್ ವಿಮಾನದ) ಪ್ರಾಪ್‌ನ ಆರ್‌ಪಿಎಂ ಮಿತಿಗೆ ಎಪಿಸಿ ಕೊಡುವ ಸೂತ್ರ 65,000 ಭಾಗಿಸು ಇಂಚಿನಲ್ಲಿ ವ್ಯಾಸ, ಗ್ಲೋ ಪ್ರಾಪ್‌ಗೆ 190,000. ಅಂದರೆ 10 ಇಂಚಿನ ಎರಡು ಪ್ರಾಪ್‌ಗಳಲ್ಲಿ ಒಂದರ ಮಿತಿ 6,500, ಇನ್ನೊಂದರದು 19,000. ಅಂಗಡಿಯ ಕವರ್‌ನಲ್ಲಿ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಸ್ಲೋ ಫ್ಲೈಯರನ್ನು ಗ್ಲೋ ಎಂಜಿನ್‌ಗೆ ಹಾಕುವವರನ್ನು ಕಂಡರೆ ನಾನು ದೂರ ನಿಲ್ಲುತ್ತೇನೆ, ಅದೂ ಪ್ರಾಪ್‌ನ ನೇರಕ್ಕಲ್ಲ, ಹಿಂದೆ.

ಪೆಟ್ರೋಲ್ ವಿಮಾನಕ್ಕೆ ಮಾತ್ರ ಮರವೇ. ಬೀಚ್ ಮರದ 22×8 ಹಗುರ, ಕ್ರ್ಯಾಂಕ್‌ಶಾಫ್ಟ್ ಮೇಲೆ ಹೊರೆ ಕಡಿಮೆ. ಮೂಗು ನೆಲಕ್ಕೆ ಬಡಿದಾಗ ಪ್ರಾಪ್ ಚೂರಾಗುತ್ತದೆ, ಶಾಫ್ಟ್ ಉಳಿಯುತ್ತದೆ. ನಮ್ಮ ನೆಲಕ್ಕೆ ಇದು ದೊಡ್ಡ ಮಾತು. ಆದರೆ ಬೋಲ್ಟ್ ಒತ್ತಡಕ್ಕೆ ಮರ ಕುಗ್ಗುತ್ತದೆ, ಮೊದಲ ಹಾರಾಟ ಮುಗಿಯುತ್ತಲೇ ಮತ್ತೆ ಬಿಗಿಮಾಡಿ. ಮಳೆಗಾಲದಲ್ಲಿ ತೇವ ಕುಡಿದು ತೂಕವೂ ಏರುಪೇರಾಗುತ್ತದೆ, ಬ್ಯಾಲೆನ್ಸ್ ಇನ್ನೊಮ್ಮೆ ನೋಡಲೇಬೇಕು. ಇದೇ ಹಗುರತನ ಚಿಕ್ಕ ಗ್ಲೋ ಎಂಜಿನ್‌ಗೆ ಒಗ್ಗುವುದಿಲ್ಲ. ಫ್ಲೈವೀಲ್ ತರಹ ಕೆಲಸ ಮಾಡಲು ತೂಕ ಸಾಲದೆ ಐಡಲ್ (ಥ್ರಾಟಲ್ ಇಳಿಸಿದಾಗಿನ ನಿಧಾನ ಓಟ) ತಡವರಿಸುತ್ತದೆ.

ಕಾರ್ಬನ್ ನೋಡಲು ಚೆಂದ, ಥ್ರಾಟಲ್ ಕೊಟ್ಟ ತಕ್ಷಣ ಸ್ಪಂದಿಸುತ್ತದೆ, ನಿಜ. ತ್ರೀಡಿ (ಮೂಗು ಮೇಲೆತ್ತಿ ಗಾಳಿಯಲ್ಲೇ ನಿಲ್ಲಿಸುವಂಥ ಕಸರತ್ತು) ಹಾರಿಸುವವರಿಗೆ ಅದರ ಬೆಲೆ ಸಾರ್ಥಕ ಇರಬಹುದು. ನನಗಲ್ಲ. ಅದು ಸುಲಭಕ್ಕೆ ಮುರಿಯುವುದಿಲ್ಲ, ಪೆಟ್ಟನ್ನು ಪೂರ್ತಿ ಎಂಜಿನ್‌ಗೆ ದಾಟಿಸುತ್ತದೆ. ಒಂದು ಸೀಸನ್ ಓಡಿಸಿ ಮಾರಿಬಿಟ್ಟೆ. ಲೋಹದ್ದನ್ನು ಕೇಳುವವರು ಈಗಲೂ ಇದ್ದಾರೆ. ಅದರ ಮಾತೇ ಬೇಡ, ಅಮೆರಿಕದ ಮಾಡೆಲ್ ವಿಮಾನ ಸಂಘ ಎಎಂಎ ತನ್ನ ಸುರಕ್ಷತಾ ನಿಯಮದಲ್ಲೇ ಲೋಹದ ಬ್ಲೇಡನ್ನು ನಿಷೇಧಿಸಿತ್ತು.

ಆನ್‌ಲೈನ್‌ನಲ್ಲಿ ಸಿಗುವ ಹೆಸರಿಲ್ಲದ ನಕಲುಗಳಿಗೂ ದುಡ್ಡು ಹಾಕಿದ್ದೇನೆ. ಒಂದು ಕಟ್ಟಿನಲ್ಲಿ ನಡುವಿನ ತೂತೇ ಓರೆ, ಎಷ್ಟು ಉಜ್ಜಿದರೂ ನಡುಕ ಹೋಗಲಿಲ್ಲ. ಪ್ರಾಪ್ ಮುಂದಿನ ಟೋಪಿಯ, ಅಂದರೆ ಸ್ಪಿನ್ನರ್‌ನ ಸ್ಕ್ರೂ ಹಾರಾಟದಲ್ಲೇ ಸಡಿಲವಾಯಿತು. ಈಗ ಅವನ್ನು ಬಣ್ಣ ಕಲಕಲು ಇಟ್ಟುಕೊಂಡಿದ್ದೇನೆ.