ವಾಯೇಜರ್ ಈಗ ಎಲ್ಲಿದೆ? ನಾಸಾದ ಎರಡು ಪುಟಗಳು, ನೋಡಲೇಬೇಕು

ಬೇರೆ ನಕ್ಷತ್ರಕ್ಕೆ ಹೋಗೋದು ಯಾವಾಗ ಅಂತ ಮನೆಯ ಮಕ್ಕಳು ಕೇಳಿದರೆ ನಾಸಾದ ವಾಯೇಜರ್ ಪುಟ ತೆರೆದು ಕೂರಿಸುತ್ತೇನೆ. ದುಡ್ಡಿಲ್ಲ, ಲಾಗಿನ್ ಬೇಡ. 1977ರಲ್ಲಿ ಹೊರಟ ವಾಯೇಜರ್ 1, ವಾಯೇಜರ್ 2 ಎರಡೂ ನೌಕೆಗಳು ಈ ಗಳಿಗೆಗೆ ಎಷ್ಟು ದೂರದಲ್ಲಿವೆ ಅನ್ನುವ ಅಂಕಿ ಅಲ್ಲಿ ಓಡುತ್ತಲೇ ಇರುತ್ತದೆ.

ಒಂದು ವಿಚಿತ್ರ ಗಮನಿಸಿ. ವಾಯೇಜರ್ 1 ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ದೂರ ಹೋಗುತ್ತಿದೆ. ಆದರೂ ವರ್ಷದ ಕೆಲವು ತಿಂಗಳು ಭೂಮಿಯಿಂದ ಅದರ ದೂರ ಇಳಿಯುತ್ತಾ ಬರುತ್ತದೆ! ಭೂಮಿ ಸೂರ್ಯನನ್ನು ಸುತ್ತುವುದು ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ. ಆ ದಿಕ್ಕಿಗೆ ತಿರುಗಿದಾಗ ನಾವೇ ಅದನ್ನು ಅಟ್ಟಿಸಿಕೊಂಡು ಹೋಗುತ್ತಿರುತ್ತೇವೆ. ಸೂರ್ಯನಿಂದ ಇರುವ ದೂರ ಮಾತ್ರ ಏರುತ್ತಲೇ ಇರುತ್ತದೆ. ಎರಡು ಸಾಲನ್ನೂ ಒಟ್ಟಿಗೆ ನೋಡಬೇಕು.

ಅದೇ ಪುಟದ ಕೆಳಗೆ ನೌಕೆಗಳ ಉಪಕರಣಗಳ ಪಟ್ಟಿ ಇದೆ. ಯಾವುದು ಚಾಲೂ, ಯಾವುದು ಬಂದ್ ಅಂತ. ನೌಕೆಯಲ್ಲಿರುವ ಪ್ಲುಟೋನಿಯಂನ ಶಾಖದಿಂದ ಸಿಗುವ ವಿದ್ಯುತ್ ವರ್ಷಕ್ಕೆ ಸುಮಾರು 4 ವಾಟ್ ಕಮ್ಮಿಯಾಗುತ್ತಿದೆ, ಹಾಗಾಗಿ ಒಂದೊಂದೇ ಆರಿಸುತ್ತಿದ್ದಾರೆ. ಓದುವಾಗ ಸಂಕಟವಾಗುತ್ತದೆ.

ಎರಡನೆಯದು ದೂರದ ನೌಕೆಗಳ ಜೊತೆ ಸಂಪರ್ಕ ಇಟ್ಟುಕೊಳ್ಳುವ ನಾಸಾದ ಆಂಟೆನಾ ಜಾಲ, ಅಂದರೆ ಡೀಪ್ ಸ್ಪೇಸ್ ನೆಟ್‌ವರ್ಕ್ ಪುಟ. ಆಕಾಶವಾಣಿಯ ಟ್ರಾನ್ಸ್‌ಮಿಟರ್ ಕೆಲಸದಿಂದ ನಿವೃತ್ತನಾದ ನನಗೆ ಇದೇ ಜಾಸ್ತಿ ಇಷ್ಟ. ಅಮೆರಿಕದ ಗೋಲ್ಡ್‌ಸ್ಟೋನ್, ಸ್ಪೇನಿನ ಮ್ಯಾಡ್ರಿಡ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಡಿಶ್‌ಗಳು ಈಗ ಯಾವ ನೌಕೆಯ ಜೊತೆ ಮಾತಾಡುತ್ತಿವೆ ಅಂತ ನೇರವಾಗಿ ತೋರಿಸುತ್ತದೆ. ಡಿಶ್ ಮೇಲೆ ಒತ್ತಿದರೆ ಸಿಗ್ನಲ್ ಬಲ, ಡೇಟಾ ವೇಗ, ಅಲ್ಲಿ ಬೀಸುವ ಗಾಳಿಯ ವೇಗ ಕೂಡ ಸಿಗುತ್ತದೆ. ವಾಯೇಜರ್ ಟ್ರಾನ್ಸ್‌ಮಿಟರ್ ಬರೀ 23 ವಾಟ್‌ನದು. ಪಕ್ಕದ ಜಿಲ್ಲೆಗೆ ವಾರ್ತೆ ಮುಟ್ಟಿಸಲು ನಾವು ಕಿಲೋವಾಟ್‌ಗಟ್ಟಲೆ ಉರಿಸುತ್ತಿದ್ದೆವು! ಅಲ್ಲಿಂದ ಬರುವುದು ಸೆಕೆಂಡಿಗೆ 160 ಬಿಟ್. ಅದನ್ನು ಹಿಡಿಯಲು 70 ಮೀಟರ್ ಅಗಲದ ಡಿಶ್ ಬೇಕು.

2023ರ ನವೆಂಬರ್‌ನಲ್ಲಿ ವಾಯೇಜರ್ 1 ಅರ್ಥವಿಲ್ಲದ ಡೇಟಾ ಕಳಿಸತೊಡಗಿತು. ಒಂದು ಮೆಮೊರಿ ಚಿಪ್ ಕೆಟ್ಟಿತ್ತು. ಪ್ರಶ್ನೆ ಹೋಗಿ ಉತ್ತರ ಬರಲು ಸುಮಾರು 45 ಗಂಟೆ. ಹಾಗಿದ್ದೂ 2024ರ ಏಪ್ರಿಲ್‌ನಲ್ಲಿ ಕೋಡ್ ಬೇರೆ ಜಾಗಕ್ಕೆ ಸರಿಸಿ ಸರಿಮಾಡಿದರು. ಆ ಎಂಜಿನಿಯರುಗಳಿಗೆ ಕೈ ಮುಗಿಯಬೇಕು.

ನಕ್ಷತ್ರಯಾನ ಅಂದರೆ ಎಲ್ಲರೂ ವೇಗದ ಮಾತೇ ಆಡುತ್ತಾರೆ. ವಾಯೇಜರ್ ವೇಗದಲ್ಲಿ, ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಗೆ 70 ಸಾವಿರ ವರ್ಷಕ್ಕೂ ಜಾಸ್ತಿ ಬೇಕು, ನಿಜ. 2016ರಲ್ಲಿ ಘೋಷಿಸಿದ ಬ್ರೇಕ್‌ಥ್ರೂ ಸ್ಟಾರ್‌ಶಾಟ್ ಯೋಜನೆಯದು ಗ್ರಾಂ ತೂಕದ ನೌಕೆಯನ್ನು ಲೇಸರ್‌ನಿಂದ ತಳ್ಳಿ ಸುಮಾರು 20 ವರ್ಷದಲ್ಲಿ ತಲುಪಿಸುವ ಕನಸು. ತಲುಪಿತು ಅಂತಲೇ ಇಟ್ಟುಕೊಳ್ಳಿ. ಅದರ ದನಿ ಕೇಳಿಸೋದು ಹೇಗೆ? ವಾಯೇಜರ್ 1 ಇರುವುದು ಹೆಚ್ಚುಕಮ್ಮಿ ಒಂದು ಬೆಳಕಿನ ದಿನದಷ್ಟು, ಅಂದರೆ ಬೆಳಕು ಒಂದು ದಿನದಲ್ಲಿ ಸಾಗುವಷ್ಟು ದೂರದಲ್ಲಿ. ಪ್ರಾಕ್ಸಿಮಾ ಅದರ 1,500 ಪಟ್ಟು ದೂರ. ದೂರ ಎರಡು ಪಟ್ಟಾದರೆ ಸಿಗ್ನಲ್ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ಅದೇ ಟ್ರಾನ್ಸ್‌ಮಿಟರ್ ಅಲ್ಲಿಂದ ಮಾತಾಡಿದರೆ ಸಿಗ್ನಲ್ 20 ಲಕ್ಷ ಪಟ್ಟಿಗಿಂತಲೂ ಕ್ಷೀಣ. ನನ್ನ ಪ್ರಕಾರ ಹೋಗುವುದಕ್ಕಿಂತ ಇದೇ ದೊಡ್ಡ ಸವಾಲು.

ಎರಡೂ ಪುಟ ಇಂಗ್ಲಿಷ್‌ನಲ್ಲಿವೆ, ಚಿಕ್ಕ ಮಕ್ಕಳಿಗೆ ಪಕ್ಕದಲ್ಲಿ ಕೂತು ಹೇಳಬೇಕು. ನೌಕೆಯಲ್ಲಿರುವ ಚಿನ್ನದ ಲೇಪದ ಧ್ವನಿಮುದ್ರಿಕೆ ತಟ್ಟೆಯಲ್ಲಿ ಕನ್ನಡದ ಶುಭಾಶಯವೂ ಇದೆ ಅಂತ ಮರೆಯದೆ ತಿಳಿಸಿ. ಮೊಬೈಲ್‌ಗಿಂತ ಕಂಪ್ಯೂಟರ್ ಒಳ್ಳೆಯದು. ಡಿಶ್‌ಗಳ ಪುಟದಲ್ಲಿ 'ವಿಜಿಆರ್1' (VGR1, ಅಂದರೆ ವಾಯೇಜರ್ 1) ಅನ್ನುವ ಗುರುತು ಹುಡುಕಿ. ಯಾವಾಗಲೂ ಇರುವುದಿಲ್ಲ, ಕಾಣದಿದ್ದರೆ ಕೆಲವು ಗಂಟೆ ಬಿಟ್ಟು ಮತ್ತೆ ನೋಡಿ.